ಫಾರ್ಕೆ ಬೇಡ ಸರಿ, ಬರೋದು ಯಾರು?

ಹಾಸನದ ಗೆಳೆಯರಿಗೆ,

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲೀಡ್ಸ್ ಯುನೈಟೆಡ್‌ನ ಮ್ಯಾನೇಜರ್ ಬಗ್ಗೆ ನೀವು ಕಳಿಸಿದ ‘ಲೀಡ್ಸ್‌ಗೆ ಫಾರ್ಕೆ ಸಾಕೇ?’ ಎಂಬ ಲೇಖನ ಓದಿದೆ. ಸಿಟ್ಟು ಬಂತು. ಸಂಜೆ ಮತ್ತೆ ಓದಿದೆ. ಸಿಟ್ಟು ಇಳಿಯಲಿಲ್ಲ, ಆದರೆ ‘ಪ್ರಕಟಿಸಲು ಆಗುತ್ತಿಲ್ಲ, ವಿಷಾದಿಸುತ್ತೇವೆ’ ಅಂತ ಎರಡು ಸಾಲು ಬರೆದು ಕೈ ತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ.

ನಿಮ್ಮ ಕನ್ನಡ ಚೆನ್ನಾಗಿದೆ. ಕಾಗುಣಿತ ತಪ್ಪಿಲ್ಲ, ಈಗಿನ ಕಾಲಕ್ಕೆ ಅದೇ ದೊಡ್ಡದು. ಲೀಡ್ಸ್‌ನ ಮೈದಾನ ಎಲ್ಲಂಡ್ ರೋಡ್ ಬಗ್ಗೆ ಬರೆದ ಮೊದಲ ಪ್ಯಾರಾ ಓದಿಸಿಕೊಂಡು ಹೋಗುತ್ತದೆ. ಆಯ್ತು, ಇನ್ನು ಕೆಲಸಕ್ಕೆ ಬರೋಣ.

ನಿಮ್ಮ ವಾದ ನನಗೆ ಅರ್ಥವಾದದ್ದು ಇಷ್ಟು. 2025ರ ಮೇ 3ರಂದು ಪ್ಲಿಮತ್‌ನಲ್ಲಿ 2-1ರಿಂದ ಗೆದ್ದು, 100 ಪಾಯಿಂಟ್ ಕಲೆಹಾಕಿ, ಲೀಡ್ಸ್ ಯುನೈಟೆಡ್ ಎರಡನೇ ದರ್ಜೆಯ ಲೀಗ್ ಆದ ಚಾಂಪಿಯನ್‌ಶಿಪ್‌ನ ಪಟ್ಟ ಹಿಡಿದು ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು. ಬರ್ನ್ಲಿಗೂ ಅಷ್ಟೇ ಪಾಯಿಂಟ್, ಗೋಲುಗಳ ಅಂತರದಲ್ಲಿ ಲೀಡ್ಸ್ ಮೇಲೆ. ಆದರೆ ತಂಡವನ್ನು ಮೇಲಕ್ಕೆ ತಂದ ಡೇನಿಯಲ್ ಫಾರ್ಕೆ ಕೆಳಗಿನ ಲೀಗ್‌ಗೆ ಮಾತ್ರ ಸರಿಹೊಂದುವ ಮ್ಯಾನೇಜರ್, ಪ್ರೀಮಿಯರ್ ಲೀಗ್ ಅವರ ಕೈಲಾಗುವುದಿಲ್ಲ. ಈ ಬೇಸಿಗೆಯಲ್ಲೇ ಕ್ಲಬ್ ಅವರನ್ನು ಬದಲಿಸಬೇಕಿತ್ತು. ಮೇ ತಿಂಗಳಲ್ಲಿ ಹಾಗೊಂದು ಸುದ್ದಿ ಜೋರಾಗಿಯೇ ಓಡಾಡಿತು, ಕೊನೆಗೆ ಕ್ಲಬ್ ಅವರನ್ನೇ ಉಳಿಸಿಕೊಂಡಿತು. ಅದು ನಿಮಗೆ ಹಿಡಿಸಿಲ್ಲ.

ಹಿಡಿಸದಿದ್ದರೆ ಇರಲಿ. ಅದಕ್ಕಲ್ಲ ನನ್ನ ತಕರಾರು. ಎರಡನೇ ಪ್ಯಾರಾದಲ್ಲಿ ಹೀಗೆ ಬರೆದಿದ್ದೀರಿ: ‘ಪ್ರೀಮಿಯರ್ ಲೀಗ್‌ನಲ್ಲಿ ಫಾರ್ಕೆ 49 ಪಂದ್ಯ ನಡೆಸಿ ಗೆದ್ದದ್ದು ಬರೀ 6. ಇದಕ್ಕಿಂತ ಜಾಸ್ತಿ ಹೇಳುವ ಅಗತ್ಯವಿದೆಯೇ?’

ಇದೆ ಸ್ವಾಮಿ. ಲೆಕ್ಕ ಸರಿ ಇದೆ, ಕೂಡಿ ನೋಡಿದೆ. 2019-20ರಲ್ಲಿ ನಾರ್ವಿಚ್ ಜೊತೆ 38 ಪಂದ್ಯ, 5 ಗೆಲುವು. 2021ರಲ್ಲಿ ಅದೇ ಕ್ಲಬ್ ಜೊತೆ 11 ಪಂದ್ಯ, 1 ಗೆಲುವು. ಆದರೆ ಯಾರನ್ನು ಕಟ್ಟಿಕೊಂಡು ಆಡಿದರು ಅನ್ನುವುದನ್ನು ನೀವು ಕೇಳಿಯೇ ಇಲ್ಲ. ಆಗ ನಾರ್ವಿಚ್ ನಡೆಯುತ್ತಿದ್ದದ್ದು ತನ್ನದೇ ದುಡಿಮೆಯಲ್ಲಿ. ಒಡೆತನ ಟಿವಿ ಅಡುಗೆ ಕಾರ್ಯಕ್ರಮಗಳಿಂದ ಮನೆಮಾತಾದ ಡೆಲಿಯಾ ಸ್ಮಿತ್ ಮತ್ತು ಅವರ ಪತಿಯದು. 2019ರಲ್ಲಿ ಮೇಲೆ ಬಂದಾಗ ಆಟಗಾರರನ್ನು ಕೊಳ್ಳಲು ಅವರು ಖರ್ಚು ಮಾಡಿದ್ದು ಇಲ್ಲವೆನ್ನುವಷ್ಟು ಕಡಿಮೆ. ಎರಡನೇ ಸಲ ಬಡ್ತಿ ಸಿಕ್ಕ ಬೇಸಿಗೆಯಲ್ಲೇ ತಂಡದ ಅತ್ಯುತ್ತಮ ಆಟಗಾರ ಎಮಿ ಬುಯೆಂದಿಯಾ ಅವರನ್ನು ಆಸ್ಟನ್ ವಿಲ್ಲಾಗೆ ಮಾರಿದರು. ಇಷ್ಟೆಲ್ಲ ಹೇಳಿದ ಮೇಲೂ ‘ಆದರೂ ಅವರು ಇನ್ನಷ್ಟು ಗೆಲ್ಲಬೇಕಿತ್ತು’ ಅನ್ನಿ, ಒಪ್ಪುತ್ತೇನೆ. ಹೇಳದೆ ಬರೀ 49 ಮತ್ತು 6 ಮುಂದಿಟ್ಟರೆ ಒಪ್ಪುವುದಿಲ್ಲ.

ಅದರ ಮುಂದಿನ ಸಾಲು ಇನ್ನೂ ಕೆಟ್ಟದು. ‘2021ರಲ್ಲಿ ನಾರ್ವಿಚ್ ಅವರನ್ನು ಕೈಬಿಟ್ಟು ಸರಿಯಾದ ಕೆಲಸ ಮಾಡಿತು.’

ಹೌದಾ? ನವೆಂಬರ್ 6ರಂದು ಬ್ರೆಂಟ್‌ಫರ್ಡ್ ಮೇಲೆ ಸೀಸನ್ನಿನ ಮೊದಲ ಗೆಲುವು. ಗೆದ್ದ ಕೆಲವೇ ಗಂಟೆಗಳಲ್ಲಿ ಕೆಲಸದಿಂದ ವಜಾ. ಅವರ ಜಾಗಕ್ಕೆ ಡೀನ್ ಸ್ಮಿತ್ ಬಂದರು. ಸೀಸನ್ ಮುಗಿದಾಗ ನಾರ್ವಿಚ್ ಕಟ್ಟಕಡೆಯ ಸ್ಥಾನದಲ್ಲಿತ್ತು, 22 ಪಾಯಿಂಟ್. ಎರಡು ವರ್ಷ ಹಿಂದೆ ಇಡೀ ಸೀಸನ್ ಫಾರ್ಕೆ ಒಬ್ಬರೇ ನಡೆಸಿದಾಗ ಸಿಕ್ಕಿದ್ದು 21. ವ್ಯತ್ಯಾಸ ಒಂದೇ ಒಂದು ಪಾಯಿಂಟ್. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟಿದ್ದರೆ ನೀವು ಆ ಸಾಲು ಬರೆಯುತ್ತಿರಲಿಲ್ಲ, ಅಲ್ವಾ?

ಆಮೇಲೆ 2022ರಲ್ಲಿ ಬಡ್ತಿ ಪಡೆದು, ಮ್ಯಾನೇಜರ್‌ನನ್ನು ಬದಲಿಸಿ, ಕೆಳಗಿಳಿಯದೆ ಉಳಿದ ಬೋರ್ನ್‌ಮತ್. ‘ಬೋರ್ನ್‌ಮತ್ ಧೈರ್ಯ ಮಾಡಿತು, ಉಳಿಯಿತು’ ಎಂದು ನಾಲ್ಕೇ ಪದದಲ್ಲಿ ಮುಗಿಸಿದ್ದೀರಿ. 2022ರ ಆಗಸ್ಟ್‌ನಲ್ಲಿ ಲಿವರ್‌ಪೂಲ್ ಕೈಲಿ 9-0 ಸೋಲು. ಮೂರು ದಿನದಲ್ಲಿ ಮ್ಯಾನೇಜರ್ ಸ್ಕಾಟ್ ಪಾರ್ಕರ್ ಔಟ್. ಆದರೆ ಸೋಲೊಂದೇ ಕಾರಣವಲ್ಲ. ಈ ಮಟ್ಟಕ್ಕೆ ನಮ್ಮ ತಂಡ ಸಾಲದು ಎಂದು ಪಾರ್ಕರ್ ಎಲ್ಲರೆದುರು ಹೇಳುತ್ತಿದ್ದರು, ಮಾಲೀಕರಿಗೆ ಅದು ರುಚಿಸಲಿಲ್ಲ. ಒಳಗೇ ಇದ್ದ ಕೋಚ್ ಗ್ಯಾರಿ ಓನೀಲ್ ವಹಿಸಿಕೊಂಡು 39 ಪಾಯಿಂಟ್‌ನೊಂದಿಗೆ 15ನೇ ಸ್ಥಾನಕ್ಕೆ ತಂದರು. ನಡುವೆ ಕ್ಲಬ್ಬಿಗೆ ಹೊಸ ಮಾಲೀಕರು ಬಂದರು, ಜನವರಿಯಲ್ಲಿ ಹೊಸ ಆಟಗಾರರೂ ಬಂದರು. ಸರಿ, ನಿಮ್ಮ ಪಕ್ಷಕ್ಕೇ ಇರಲಿ ಅದು.

ಆದರೆ ಅದೇ ವರ್ಷ ಬಡ್ತಿ ಪಡೆದ ಇನ್ನೆರಡು ಕ್ಲಬ್ ಎಲ್ಲಿ ಹೋದವು? ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅಕ್ಟೋಬರ್‌ನಲ್ಲಿ ಲೆಸ್ಟರ್ ಎದುರು 4-0 ಸೋತು ಪಟ್ಟಿಯ ತಳದಲ್ಲಿ ಕೂತಿತ್ತು. ಮ್ಯಾನೇಜರ್ ಸ್ಟೀವ್ ಕೂಪರ್ ಅವರನ್ನು ಇಂದೋ ನಾಳೆಯೋ ಕಳಿಸುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದರು. ಕ್ಲಬ್ ಮಾಡಿದ್ದು ಏನು ಗೊತ್ತಾ? ಅದೇ ವಾರ ಅವರಿಗೆ ಹೊಸ ಒಪ್ಪಂದ ಕೊಟ್ಟಿತು. 38 ಪಾಯಿಂಟ್, 16ನೇ ಸ್ಥಾನ, ಉಳಿದುಕೊಂಡಿತು. ಫುಲ್‌ಹ್ಯಾಮ್‌ನಲ್ಲಿ ಮಾರ್ಕೊ ಸಿಲ್ವಾ ಬಗ್ಗೆ ಆ ಪ್ರಶ್ನೆಯೇ ಏಳಲಿಲ್ಲ, 10ನೇ ಸ್ಥಾನ. ಒಬ್ಬರನ್ನು ತೆಗೆದರು, ಒಬ್ಬರಿಗೆ ಬೆನ್ನು ತಟ್ಟಿದರು, ಒಬ್ಬರನ್ನು ಪಾಡಿಗೆ ಬಿಟ್ಟರು. ಮೂರೂ ಉಳಿದವು. ಒಂದೇ ವರ್ಷದ ಮೂರು ಕ್ಲಬ್‌ಗಳಲ್ಲಿ ನಿಮಗೆ ಬೇಕಾದ ಒಂದನ್ನು ಎತ್ತಿಕೊಂಡು ಉಳಿದೆರಡನ್ನು ಬಚ್ಚಿಟ್ಟಿದ್ದೀರಿ. ನನಗೆ ಸಿಟ್ಟು ಬಂದದ್ದು ಇಲ್ಲಿ.

2024-25ರ ಸೀಸನ್ನನ್ನಂತೂ ಮುಟ್ಟಿಯೇ ಇಲ್ಲ. ಆ ಸಲ ಬಡ್ತಿ ಪಡೆದು ಬಂದ ಮೂವರಲ್ಲಿ ಸೌತಾಂಪ್ಟನ್ ಡಿಸೆಂಬರ್‌ನಲ್ಲಿ ಟಾಟನ್‌ಹ್ಯಾಮ್ ಕೈಲಿ 5-0 ಸೋತ ರಾತ್ರಿಯೇ ಮ್ಯಾನೇಜರ್ ರಸೆಲ್ ಮಾರ್ಟಿನ್ ಅವರನ್ನು ಕಳಿಸಿತು. ಕೊನೆಗೆ ಸಿಕ್ಕಿದ್ದು ಒಟ್ಟು 12 ಪಾಯಿಂಟ್. ಲೆಸ್ಟರ್ ಕೂಡ ಮ್ಯಾನೇಜರ್ ಬದಲಿಸಿತು, 25. ಇಪ್ಸ್‌ವಿಚ್ ಬದಲಿಸಲಿಲ್ಲ, 22. ಮೂವರೂ ಕೆಳಗಿಳಿದರು. ಅದರ ಹಿಂದಿನ ವರ್ಷವೂ ಮೇಲೆ ಬಂದ ಮೂರೂ ಕ್ಲಬ್ ವಾಪಸ್ ಹೋಗಿದ್ದವು. ಮ್ಯಾನೇಜರ್ ಒಬ್ಬರನ್ನೇ ಹಿಡಿದು ಇದನ್ನೆಲ್ಲ ವಿವರಿಸಲು ಆಗುತ್ತಾ?

ನಿಮ್ಮ ಪರವಾಗಿಯೇ ಇದಕ್ಕಿಂತ ಗಟ್ಟಿ ಉದಾಹರಣೆ ಇತ್ತು. 2013ರ ಕ್ರಿಸ್ಟಲ್ ಪ್ಯಾಲೇಸ್. ಬಡ್ತಿ ತಂದುಕೊಟ್ಟ ಇಯಾನ್ ಹಾಲೊವೇ 8 ಪಂದ್ಯದಲ್ಲಿ 3 ಪಾಯಿಂಟ್ ಪಡೆದು ಅಕ್ಟೋಬರ್‌ನಲ್ಲಿ ಹೊರನಡೆದರು. ಟೋನಿ ಪುಲಿಸ್ ಬಂದರು. 45 ಪಾಯಿಂಟ್, 11ನೇ ಸ್ಥಾನ. ಇದನ್ನು ನೀವು ಹುಡುಕಿಲ್ಲ, ನಾನು ಹೇಳಬೇಕಾಯ್ತು.

ನಾನು ಹೊಸದಾಗಿ ಕ್ರೀಡಾ ಡೆಸ್ಕ್ ಸೇರಿದಾಗ ನನಗೆ ಕೊಟ್ಟದ್ದು ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ, ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು. ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಗ್ಯಾಲರಿಯಲ್ಲಿ ಕೂತು ತಮಿಳು, ಕನ್ನಡ ಎರಡರಲ್ಲೂ ಬೈಯುತ್ತಿದ್ದರು. ರೆಫ್ರಿಗೆ ಯಾವ ಭಾಷೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಒಂದು ಸಂಜೆ, ಒಂದು ತಂಡ ತನ್ನ ಕೋಚ್‌ನನ್ನು ತೆಗೆದಿದೆ ಎಂಬ ಸುದ್ದಿ ಹಿಡಿದು ಕಚೇರಿಗೆ ಓಡಿದೆ. ನಮ್ಮ ಹಿರಿಯ ಉಪಸಂಪಾದಕರು ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ: ‘ನಾಳೆ ಬೆಳಿಗ್ಗೆ ವಿಸಿಲ್ ಯಾರ ಕೊರಳಲ್ಲಿ ಇರುತ್ತೆ?’ ಮತ್ತೆ ಬಸ್ ಹಿಡಿದು ಹೋಗಿ ವಿಚಾರಿಸಿದರೆ, ತಂಡದ ವಯಸ್ಸಾದ ಡಿಫೆಂಡರ್ ಒಬ್ಬರೇ ಅಭ್ಯಾಸ ಮಾಡಿಸುತ್ತಾರಂತೆ, ಪಂದ್ಯವನ್ನೂ ಆಡುತ್ತಾರಂತೆ. ತಲೆಬರಹಕ್ಕೆ ಬಂದದ್ದು ಆ ಡಿಫೆಂಡರ್, ಹೋದ ಕೋಚ್ ಅಲ್ಲ. ಆ ಹಿರಿಯರು ಬಾಯಿಬಿಟ್ಟು ಹೊಗಳಿದವರಲ್ಲ. ಅವತ್ತು ತಮ್ಮ ಫ್ಲಾಸ್ಕಿನಿಂದ ಅರ್ಧ ಲೋಟ ಟೀ ಬಗ್ಗಿಸಿ ನನ್ನ ಕಡೆ ತಳ್ಳಿದರು.

ನಿಮ್ಮ ಲೇಖನದಲ್ಲಿ ಆ ವಿಸಿಲ್ ಯಾರ ಕೊರಳಲ್ಲೂ ಇಲ್ಲ. ಫಾರ್ಕೆ ಬೇಡ ಅಂತೀರಿ, ಬರಬೇಕಾದವರ ಹೆಸರು ಒಂದೂ ಇಲ್ಲ. ಜೂನ್‌ನಲ್ಲಿ ಬಂದವರಿಗೆ ಆಟಗಾರರನ್ನು ಆರಿಸಿಕೊಳ್ಳಲು ಸೆಪ್ಟೆಂಬರ್ 1ರವರೆಗೆ ಸಮಯ ಸಿಗುತ್ತದೆ. ನವೆಂಬರ್‌ನಲ್ಲಿ ಬಂದವರು ಹಿಂದಿನವರು ಕೊಂಡ ತಂಡವನ್ನೇ, ಮತ್ತೆ ಆಟಗಾರರನ್ನು ಕೊಳ್ಳಬಹುದಾದ ಜನವರಿವರೆಗೆ ಎಳೆಯಬೇಕು. ಇವೆರಡೂ ಒಂದೇ ನಿರ್ಧಾರವಲ್ಲ. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ.

ಕೊನೆಯ ಸಾಲು: ‘ಫಾರ್ಕೆ ಉಳಿಯಬೇಕೇ, ಹೋಗಬೇಕೇ? ಕಾಲವೇ ಉತ್ತರಿಸಬೇಕು.’ ಕಾಲಕ್ಕೆ ನಾವು ಸಂಭಾವನೆ ಕೊಡುವುದಿಲ್ಲ. ನಿಮಗೆ ಕೊಡುತ್ತೇವೆ, ಕಡಿಮೆಯೇ ಆದರೂ. ಉತ್ತರ ನೀವು ಹೇಳಿ.

ಬೇಜಾರಿನ ಸಂಗತಿ ಏನೆಂದರೆ, ಉತ್ತರ ನಿಮ್ಮ ಕೈಲೇ ಇತ್ತು. ಆರನೇ ಪ್ಯಾರಾದಲ್ಲಿ, ಕಂಸದೊಳಗೆ, ‘ಮೆಲಿಯೆ ವಿಷಯದಲ್ಲೂ ತಡಮಾಡಿದರು’ ಅಂತ ಬರೆದು ಮುಂದೆ ಹೋಗಿದ್ದೀರಿ. ನಿಲ್ಲಿ ಅಲ್ಲಿ! ಅದೇ ನಿಮ್ಮ ಲೇಖನ. 2024ರ ಅಕ್ಟೋಬರ್‌ನಲ್ಲಿ ಸಂಡರ್‌ಲ್ಯಾಂಡ್ ಎದುರು ಕೊನೇ ಗಳಿಗೆಯಲ್ಲಿ ಪುಟಿದ ಚೆಂಡು ಗೋಲ್‌ಕೀಪರ್ ಇಲಾನ್ ಮೆಲಿಯೆ ಕೈತಪ್ಪಿ ಒಳಗೆ ಹೋಯಿತು. ಜನವರಿಯಲ್ಲಿ ಹಲ್‌ನಲ್ಲಿ ಮತ್ತೆ ತಪ್ಪುಗಳು. ಮಾರ್ಚ್ ಕೊನೆಗೆ ಸ್ವಾನ್ಸಿ ಇಂಜುರಿ ಟೈಮ್‌ನಲ್ಲಿ ಸಮಬಲದ ಗೋಲು ಹೊಡೆಯಿತು. ಅಷ್ಟೂ ದಿನ ಫಾರ್ಕೆ ಈ ಮೆಲಿಯೆಯನ್ನೇ ಆಡಿಸಿದರು. ಏಳು ಪಂದ್ಯ ಉಳಿದಿದ್ದಾಗ ಮೆಲಿಯೆ ಜಾಗಕ್ಕೆ ಇನ್ನೊಬ್ಬ ಗೋಲ್‌ಕೀಪರ್ ಕಾರ್ಲ್ ಡಾರ್ಲೊ ಅವರನ್ನು ಹಾಕಿದರು. ಒಂದು ಡ್ರಾ, ಆರು ಗೆಲುವು, ಟ್ರೋಫಿ. ಇದನ್ನು ತಡವಾಗಿ ನಿರ್ಧರಿಸುವ ಹಟ ಅನ್ನಬಹುದು, ಆಟಗಾರನ ಮೇಲಿನ ನಂಬಿಕೆ ಅಂತಲೂ ಅನ್ನಬಹುದು. 46 ಪಂದ್ಯದ ಲೀಗ್‌ನಲ್ಲಿ ಅದು ನಡೆಯಿತು. ವಾರವಾರ ಮ್ಯಾಂಚೆಸ್ಟರ್ ಸಿಟಿ, ಆರ್ಸೆನಲ್‌ನಂಥ ದೊಡ್ಡ ತಂಡ ಎದುರಾಗುವ 38 ಪಂದ್ಯದ ಲೀಗ್‌ನಲ್ಲಿ ಮಾರ್ಚ್‌ವರೆಗೆ ಕಾಯಲು ಆಗುತ್ತಾ? ಇದನ್ನು ಹಿಡಿದು ಬರೆದರೆ ‘ಫಾರ್ಕೆ ಬೇಡ’ ಅನ್ನುವ ಮಾತಿಗೆ ತೂಕ ಬರುತ್ತದೆ. ನನ್ನನ್ನು ಕೇಳಿದರೆ ಇರಲಿ ಅಂತೀನಿ, ಒಳ್ಳೆ ಗೋಲ್‌ಕೀಪರ್ ಮೇಲೆ ದುಡ್ಡು ಹಾಕಿ ಅಂತೀನಿ. ನೀವು ಒಪ್ಪಬೇಕಿಲ್ಲ.

ಎರಡರಿಂದ ಐದರವರೆಗಿನ ಪ್ಯಾರಾ ತೆಗೆದುಹಾಕಿ. ಮೆಲಿಯೆಯಿಂದ ಶುರು ಮಾಡಿ. ಬದಲಿ ಮ್ಯಾನೇಜರ್ ಒಬ್ಬರ ಹೆಸರು ಹಾಕಿ, ಅವರೇ ಯಾಕೆ ಅಂತ ಬರೆಯಿರಿ. ಎಂಟುನೂರು ಪದ ಸಾಕು, ಫೋಟೊ ಬೇಡ. ಲೀಡ್ಸ್‌ನ ಮೊದಲ ಪಂದ್ಯ ಆಗಸ್ಟ್ 18, ಎವರ್ಟನ್ ಎದುರು. ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆ. ಅದರ ಹಿಂದಿನ ಶುಕ್ರವಾರದೊಳಗೆ ಲೇಖನ ನನ್ನ ಕೈಲಿರಲಿ. ಪಂದ್ಯದ ಫಲಿತಾಂಶ ನೋಡಿಕೊಂಡು ಬರೆದದ್ದನ್ನು ತೆಗೆದುಕೊಳ್ಳುವುದಿಲ್ಲ.