ಅಂತರ್ಜಲ ಮತ್ತು ಗೊಬ್ಬರದ ಬಗ್ಗೆ ಸಂಶೋಧನೆ ಮಾಡುವ ತಂಡ ನಮ್ಮದು. ಜನರನ್ನು ಒಳಗೊಳ್ಳಲು ಪೋಸ್ಟರ್, ಭಾಷಣ ಬಿಟ್ಟು ಬೇರೇನು ಮಾಡಬಹುದು?

ಜನರಿಗೆ ತಮ್ಮ ಬಾವಿ ಅಥವಾ ಬೋರ್‌ವೆಲ್ ನೀರು ತರಲು ಹೇಳಿ, ಅವರ ಕಣ್ಣೆದುರೇ ನೈಟ್ರೇಟ್ (ಗೊಬ್ಬರ, ತಿಪ್ಪೆಯಿಂದ ನೀರಿಗೆ ಇಳಿಯುವ, ನೈಟ್ರೋಜನ್ ಇರುವ ಲವಣ) ಪರೀಕ್ಷೆ ಮಾಡಿ. ಗೊಬ್ಬರ, ಬೆಳೆ, ಕುಡಿಯುವ ನೀರು ಮೂರೂ ಆ ಒಂದು ಸಂಖ್ಯೆಯಲ್ಲಿ ಸೇರುತ್ತವೆ. ಭಾಷಣಕ್ಕೆ ಬಾರದವರೂ ತಮ್ಮ ನೀರಿನ ವಿಷಯ ಅಂದರೆ ಬರುತ್ತಾರೆ. ಆದರೆ ಇದನ್ನು ಅರೆಬರೆ ಮಾಡಿದರೆ ಪೋಸ್ಟರ್‌ಗಿಂತ ಹೆಚ್ಚು ಹಾನಿ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಾಟಲಿ ನೀವೇ ಕೊಡಿ. 100ರಿಂದ 250 ಮಿಲಿ ಹಿಡಿಯುವ ಹೊಸ ಪ್ಲಾಸ್ಟಿಕ್ ಬಾಟಲಿ ಸಾಕು, ಮೇಲೆ ಸಂಖ್ಯೆ ಬರೆದಿರಲಿ. ಮನೆಯಲ್ಲಿದ್ದುದನ್ನೇ ತನ್ನಿ ಅಂದರೆ ತಂಪು ಪಾನೀಯದ ಬಾಟಲಿ ಬರುತ್ತದೆ. ಅದರಲ್ಲಿ ಉಳಿದ ಸಕ್ಕರೆಯಿಂದ ಬ್ಯಾಕ್ಟೀರಿಯಾ ಬೆಳೆದು ನೈಟ್ರೇಟನ್ನು ತಿಂದುಹಾಕುತ್ತವೆ, ಫಲಿತಾಂಶ ಕಡಿಮೆ ತೋರುತ್ತದೆ. ಬಾಟಲಿ ಜೊತೆ ಒಂದು ಚೀಟಿ ಇಡಿ: ಪಂಪ್ ಐದು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ತುಂಬಿ, ಮುಚ್ಚಳ ಹಾಕಿ, ನೆರಳಲ್ಲಿ ಇಟ್ಟು ಅದೇ ದಿನ ತನ್ನಿ. ಫಿಲ್ಟರಿನಿಂದ ಹಿಡಿಯಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಆರ್‌ಒ ಯಂತ್ರದ ನೀರು ತಂದರೆ ನೀವು ಪರೀಕ್ಷಿಸುವುದು ಯಂತ್ರವನ್ನೇ ಹೊರತು ಬಾವಿಯನ್ನಲ್ಲ. ಬಾವಿಯ ಆಳ, ಹತ್ತಿರದ ತಿಪ್ಪೆ ಅಥವಾ ಶೌಚ ಗುಂಡಿ ಎಷ್ಟು ದೂರ, ಹೊಲಕ್ಕೆ ಕೊನೆಯ ಸಲ ಗೊಬ್ಬರ ಹಾಕಿದ್ದು ಯಾವಾಗ, ಇಷ್ಟನ್ನು ಚೀಟಿಯ ಹಿಂಬದಿಯಲ್ಲೇ ಕೇಳಿ. ಹತ್ತು ಪುಟದ ಪ್ರಶ್ನಾವಳಿ ಬೇಡ, ಯಾರೂ ತುಂಬುವುದಿಲ್ಲ.

ಸ್ಥಳದಲ್ಲಿ ಬಣ್ಣ ಬದಲಾಗುವ ಸ್ಟ್ರಿಪ್ ಬಳಸಿ. ಡಬ್ಬಿಯ ಮೇಲೆ ಹೇಳಿದಷ್ಟೇ ಹೊತ್ತು ಅದ್ದಿ, ಒದರಿ, ಮೊಬೈಲ್ ಟೈಮರ್ ಇಟ್ಟು ಹೇಳಿದ ಕ್ಷಣಕ್ಕೇ ಓದಿ. ತಡವಾದಷ್ಟೂ ಬಣ್ಣ ಗಾಢವಾಗುತ್ತದೆ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿ ಮುಚ್ಚಬೇಕು, ತೇವ ತಾಗಿದ ಸ್ಟ್ರಿಪ್ ನಂಬುವಂಥದ್ದಲ್ಲ. ನೇರ ಬಿಸಿಲು ಬೇಡ, ಬಣ್ಣದ ಶಾಮಿಯಾನದ ಕೆಳಗಂತೂ ಬೇಡವೇ ಬೇಡ. ಇಬ್ಬರು ಬೇರೆ ಬೇರೆಯಾಗಿ ಓದಲಿ, ಅವರಲ್ಲಿ ಒಬ್ಬರು ನೀರು ತಂದವರೇ ಆಗಿರಲಿ. ಬಣ್ಣ ಡಬ್ಬಿಯ ಮೇಲಿನ 25 ಮತ್ತು 50ರ (ಲೀಟರಿಗೆ ಮಿಲಿಗ್ರಾಂ) ಬಣ್ಣಗಳ ನಡುವೆ ಕಂಡರೆ 'ಇವೆರಡರ ನಡುವೆ' ಎಂದೇ ಬರೆಯಿರಿ, 37 ಎಂದು ಸೃಷ್ಟಿಸಬೇಡಿ. ಸ್ಟ್ರಿಪ್‌ನಲ್ಲಿ ನೈಟ್ರೈಟ್ (ನೈಟ್ರೇಟಿಗೆ ಹತ್ತಿರದ ಇನ್ನೊಂದು ಲವಣ) ತೋರಿಸುವ ಪಟ್ಟಿಯೂ ಬಣ್ಣಕ್ಕೆ ತಿರುಗಿದರೆ ನೈಟ್ರೇಟ್ ಓದಿಕೆಯನ್ನು ನಂಬದೆ ಆ ಮಾದರಿಯನ್ನು ಲ್ಯಾಬಿಗೆ ಕಳಿಸಿ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಅಳತೆಯ ಮಾನದಲ್ಲಿ. ಕೆಲವು ಕಿಟ್ ನೈಟ್ರೇಟ್ ಲೆಕ್ಕ ಕೊಡುತ್ತವೆ, ಕೆಲವು ನೈಟ್ರೇಟ್-ನೈಟ್ರೋಜನ್ ಲೆಕ್ಕ, ಅಂದರೆ ನೈಟ್ರೇಟಿನೊಳಗಿನ ನೈಟ್ರೋಜನ್ನಿನ ತೂಕ ಮಾತ್ರ. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 50 ಮಿಲಿಗ್ರಾಂ, ಅದು ನೈಟ್ರೇಟ್ ಲೆಕ್ಕ. ನೈಟ್ರೋಜನ್ ಲೆಕ್ಕದಲ್ಲಿ 20 ಬಂದವರಿಗೆ 'ಮಿತಿಯೊಳಗಿದೆ' ಎಂದು ಕಳಿಸಿದರೆ, ಸುಮಾರು 89 ಇರುವ ನೀರನ್ನು ಒಳ್ಳೆಯದು ಎಂದಂತಾಯಿತು.

ಸ್ಟ್ರಿಪ್ ಸರಿಯಿದೆಯೇ ಎಂದು ನೋಡಲು 1.63 ಗ್ರಾಂ ಪೊಟ್ಯಾಸಿಯಂ ನೈಟ್ರೇಟನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡಿಕೊಳ್ಳಿ. ಅದು ಲೀಟರಿಗೆ 1000 ಮಿಲಿಗ್ರಾಂ ನೈಟ್ರೇಟ್. ಅದರಿಂದ 50 ಮಿಲಿ ತೆಗೆದು ಮತ್ತೆ 1 ಲೀಟರ್‌ಗೆ ತುಂಬಿದರೆ 50 ಮಿಲಿಗ್ರಾಂ ನೀರು ಸಿದ್ಧ. ಪ್ರತಿ 20 ಮಾದರಿಗೊಮ್ಮೆ ಇದನ್ನೂ ಬರಿ ಬಟ್ಟಿ ನೀರನ್ನೂ ಪರೀಕ್ಷಿಸಿ, ಮರೆಯಲ್ಲಲ್ಲ, ಎಲ್ಲರೆದುರು. ವಿಜ್ಞಾನಿಗಳು ತಮ್ಮ ಅಳತೆಯನ್ನೇ ಅನುಮಾನಿಸುವುದನ್ನು ಕಂಡವರಿಗೆ ಸಂಶೋಧನೆ ಎಂದರೇನು ಎಂದು ಬೇರೆ ವಿವರಿಸಬೇಕಿಲ್ಲ. 50ರ ಆಸುಪಾಸು ಮತ್ತು ಅದಕ್ಕಿಂತ ಮೇಲೆ ಬಂದ ಎಲ್ಲ ಮಾದರಿಗಳನ್ನೂ, ಉಳಿದವುಗಳಲ್ಲಿ ಹತ್ತಕ್ಕೊಂದನ್ನೂ 4 ಡಿಗ್ರಿ ತಂಪಿನಲ್ಲಿಟ್ಟು 48 ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ.

ಇನ್ನು ಮುಖ್ಯವಾದದ್ದು. ಸಂಖ್ಯೆ ಕೈಗೆ ಬಂದಮೇಲೆ ಜನ ಕೇಳುವುದು 'ಈಗ ಏನು ಮಾಡಲಿ?' ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳದೆ ಮೊದಲ ಬಾಟಲಿಯನ್ನೂ ಹಂಚಬೇಡಿ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಇದ್ದಿಲ ಫಿಲ್ಟರ್ ಪ್ರಯೋಜನಕ್ಕಿಲ್ಲ. ಆರ್‌ಒ ಅಥವಾ ಅಯಾನು ವಿನಿಮಯದ (ನೈಟ್ರೇಟನ್ನು ಹಿಡಿದು ಬೇರೆ ಲವಣ ಬಿಡುವ) ಘಟಕವೇ ಬೇಕು, ಇಲ್ಲವೇ ಕುಡಿಯಲು ಬೇರೆ ಮೂಲ. 50 ದಾಟಿದ ನೀರಿನಲ್ಲಿ ಆರು ತಿಂಗಳೊಳಗಿನ ಕೂಸಿಗೆ ಹಾಲಿನ ಪುಡಿ ಕಲಸಬಾರದು. ಈ ಮಾತನ್ನು ಲ್ಯಾಬ್ ವರದಿಗೆ ಕಾಯದೆ ಅಂದೇ ಹೇಳಿ.

ಕಡಿಮೆ ಬಂದವರ ಚೀಟಿಯಲ್ಲಿ 'ಸುರಕ್ಷಿತ' ಎಂದು ಬರೆಯಬೇಡಿ. ನೀವು ಬ್ಯಾಕ್ಟೀರಿಯಾ ನೋಡಿಲ್ಲ, ಫ್ಲೋರೈಡ್ ನೋಡಿಲ್ಲ. ಆಮ್ಲಜನಕವಿಲ್ಲದ ಆಳದ ಪದರದಲ್ಲಿ ನೈಟ್ರೇಟ್ ತಾನಾಗಿಯೇ ನೈಟ್ರೋಜನ್ ಅನಿಲವಾಗಿ ಮಾಯವಾಗಬಹುದು. ಅಂಥ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಹೆಚ್ಚಿರುವುದುಂಟು.

ರೈತರ ಜೊತೆ ಮಾತು 'ನೀವು ಗೊಬ್ಬರ ಜಾಸ್ತಿ ಹಾಕುತ್ತೀರಿ' ಎಂದು ಶುರುವಾದರೆ ಅಲ್ಲಿಗೇ ಮುಗಿಯಿತು. ಬದಲಿಗೆ ಈ ಲೆಕ್ಕ ಇಡಿ. ಒಂದು ಹೆಕ್ಟೇರಿಗೆ 100 ಮಿ.ಮೀ. ನೀರು ಹಾಯಿಸಿದರೆ 10 ಲಕ್ಷ ಲೀಟರ್. ಆ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಇದ್ದರೆ 11 ಕಿಲೋಗಿಂತ ತುಸು ಹೆಚ್ಚು ನೈಟ್ರೋಜನ್ ಹೊಲಕ್ಕೆ ಬಿತ್ತು, ಅಂದರೆ ಸುಮಾರು 24 ಕಿಲೋ ಯೂರಿಯಾ. ಪೂರ್ತಿ ಅಷ್ಟನ್ನೂ ಗೊಬ್ಬರದಿಂದ ಕಳೆಯಬಹುದು ಎಂದಲ್ಲ. ಬೆಳೆ ಹೀರುವ ಹಂತ ದಾಟಿದ ಮೇಲೆ ಹಾಯಿಸಿದ ನೀರಿನದು ಲೆಕ್ಕಕ್ಕಿಲ್ಲ, ಬೇರಿನ ಕೆಳಗೆ ಇಳಿದದ್ದೂ ಇಲ್ಲ. ಲ್ಯಾಬ್ ಸಂಖ್ಯೆ ಬಂದಮೇಲೆ ಎಷ್ಟು ಕಡಿಮೆ ಮಾಡಬಹುದು ಎಂದು ಅವರೊಂದಿಗೆ ಕೂತು ನೋಡಿ. ಗೊಬ್ಬರ ಕಡಿಮೆ ಮಾಡಿದರೂ ಬೋರ್‌ವೆಲ್ ನೀರು ಮುಂದಿನ ವರ್ಷವೇ ಸುಧಾರಿಸಬೇಕೆಂದಿಲ್ಲ. ಈಗ ಮೇಲೆ ಬರುವ ನೀರು ಎಷ್ಟೋ ವರ್ಷ, ಕೆಲವೆಡೆ ದಶಕಗಳ ಹಿಂದೆ ಇಂಗಿದ್ದಾಗಿರಬಹುದು. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಫಲಿತಾಂಶವನ್ನು ಪರದೆಯ ಮೇಲೆ ಹೆಸರು ಸಮೇತ ಹಾಕುವ ಉತ್ಸಾಹ ಬೇಡ. ಜಮೀನಿನ ಬೆಲೆ, ನೆರೆಯವರ ಜಗಳ ಎಲ್ಲ ಅದರ ಬೆನ್ನಿಗೇ ಬರುತ್ತವೆ. ಸಂಶೋಧನೆಗೆ ಬಳಸಬಹುದೇ, ನಕ್ಷೆಯಲ್ಲಿ ತೋರಿಸಬಹುದೇ, ಮತ್ತೆ ಫೋನ್ ಮಾಡಬಹುದೇ, ಈ ಮೂರಕ್ಕೆ ಬೇರೆ ಬೇರೆ ಒಪ್ಪಿಗೆ ಪಡೆಯಿರಿ. ನಕ್ಷೆಯಲ್ಲಿ ಬಾವಿಯ ಚುಕ್ಕೆ ಬದಲು ಒಂದೆರಡು ಕಿ.ಮೀ. ಚೌಕ ಇಡಿ, ಒಂದೇ ಬಾವಿ ಇರುವ ಚೌಕವನ್ನು ಬಿಟ್ಟುಬಿಡಿ. ತಾವಾಗಿ ನೀರು ತಂದವರ ಮಾದರಿಗಳಿಂದ 'ಈ ಪ್ರದೇಶದ ಇಷ್ಟು ಶೇಕಡಾ ಬಾವಿ ಕೆಟ್ಟಿವೆ' ಎಂದು ಬರೆಯಲಾಗದು ಎಂಬುದನ್ನೂ ನೆನಪಿಡಿ, ಅನುಮಾನ ಇದ್ದವರೇ ಹೆಚ್ಚು ಬಂದಿರುತ್ತಾರೆ.

ಮಾತುಕತೆ ಸೇರಿ ಒಬ್ಬರಿಗೆ ಐದು ನಿಮಿಷ ಹಿಡಿಯಿರಿ. ನಾಲ್ಕು ಮೇಜಿದ್ದರೂ ಗಂಟೆಗೆ 48 ಮೀರದು, ಆದರೆ ಜನ ಮೊದಲ ಗಂಟೆಯಲ್ಲೇ ನುಗ್ಗುತ್ತಾರೆ. ಬಾಟಲಿ ಕೊಡುವಾಗಲೇ ಸಮಯ ಬರೆದುಕೊಡಿ. ಲ್ಯಾಬ್ ವರದಿಯನ್ನು ಪ್ರತಿಯೊಬ್ಬರಿಗೂ ಎರಡು ವಾರದೊಳಗೆ ತಲುಪಿಸುವ ಒಬ್ಬ ವ್ಯಕ್ತಿಯನ್ನು ಹೆಸರು ಹಿಡಿದು ನೇಮಿಸಿ, ಅವರ ಸಂಬಳವನ್ನೂ ಅನುದಾನದ ಅರ್ಜಿಯಲ್ಲೇ ಸೇರಿಸಿ.