64ರ ವಯಸ್ಸಿನಲ್ಲಿ ಧರ್ಮಸ್ಥಳಕ್ಕೆ ನಡೆದು ಹೋಗಬಹುದಾ?

ಪ್ರಶ್ನೆ: ನನಗೆ 64 ವರ್ಷ. ನಿವೃತ್ತ ಶಿಕ್ಷಕಿ, ಬೆಂಗಳೂರಿನಲ್ಲಿದ್ದೇನೆ. ಮೊಮ್ಮಗನ ಕಾಯಿಲೆ ವಾಸಿಯಾದರೆ ಧರ್ಮಸ್ಥಳಕ್ಕೆ ಬರಿಗಾಲಲ್ಲಿ ನಡೆದು ಬರುತ್ತೇನೆ ಅಂತ ಹರಕೆ ಹೊತ್ತಿದ್ದೆ. ಈಗ ಅವನು ಹುಷಾರಾಗಿದ್ದಾನೆ. ಮುಂದಿನ ಶಿವರಾತ್ರಿಗೆ ನಮ್ಮ ಬಡಾವಣೆಯ ತಂಡದ ಜೊತೆ ಹೊರಡಬೇಕು ಅಂದುಕೊಂಡಿದ್ದೇನೆ. ಅವರು ಎಂಟು ದಿನದಲ್ಲಿ ತಲುಪುತ್ತಾರೆ. ನನಗೆ ಹತ್ತು ವರ್ಷದಿಂದ ಶುಗರ್ ಇದೆ, ಬಿ.ಪಿ. ಮಾತ್ರೆಯೂ ಇದೆ. ಮೆಟ್ಟಿಲು ಇಳಿಯುವಾಗ ಎಡ ಮಂಡಿ ನೋಯುತ್ತದೆ. ದಿನಾ ಪಾರ್ಕಿನಲ್ಲಿ ಅರ್ಧ ಗಂಟೆ ನಡೆಯುತ್ತೇನೆ. ಮಕ್ಕಳು ಬೇಡವೇ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊಮ್ಮಗ ಹುಷಾರಾದ ಸುದ್ದಿ ಓದಿ ಖುಷಿಯಾಯಿತು. ನೀವು ಹೋಗಬಹುದು ಅಂತಲೇ ನನ್ನ ಅಭಿಪ್ರಾಯ. ಆದರೆ ಬರಿಗಾಲಲ್ಲಿ ಬೇಡ, ಎಂಟು ದಿನದ ಲೆಕ್ಕದಲ್ಲೂ ಬೇಡ. ಈ ಎರಡು ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಬರಿಗಾಲಿನ ವಿಷಯ. ಹತ್ತು ವರ್ಷ ಶುಗರ್ ಇದ್ದವರಲ್ಲಿ ಬಹಳ ಜನಕ್ಕೆ ಪಾದದ ಸ್ಪರ್ಶ ನಿಧಾನವಾಗಿ ಕಡಿಮೆಯಾಗಿರುತ್ತದೆ, ಅದು ಅವರಿಗೆ ಗೊತ್ತೇ ಇರುವುದಿಲ್ಲ. ಕಾದ ಟಾರು ರಸ್ತೆ ಸುಟ್ಟರೂ ತಿಳಿಯುವುದಿಲ್ಲ. ಸಣ್ಣ ಗಾಜಿನ ಚೂರು ಹೊಕ್ಕರೂ ತಿಳಿಯುವುದಿಲ್ಲ. ರಾತ್ರಿ ಚಾಪೆ ಮೇಲೆ ಕೂತು ಪಾದ ಮೇಲೆತ್ತಿದಾಗ ರಕ್ತ ಕಾಣುತ್ತದೆ. ಶುಗರ್ ಇದ್ದವರ ಪಾದದ ಗಾಯ ತಿಂಗಳುಗಟ್ಟಲೆ ಮಾಯದೆ, ಕೊನೆಗೆ ಬೆರಳು ತೆಗೆಯುವ ಹಂತಕ್ಕೆ ಹೋಗುವುದು ಹೆದರಿಸಲು ಹೇಳುವ ಮಾತಲ್ಲ. ಕಾಲಿನ ಚಿಕಿತ್ಸೆ ಮಾಡುವ ನಾವು ಅದನ್ನು ನೋಡುತ್ತಲೇ ಇರುತ್ತೇವೆ.

ಆದ್ದರಿಂದ ಮೊದಲ ಕೆಲಸ ಪಾದದ ಪರೀಕ್ಷೆ. 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಮುಟ್ಟಿಸಿ, 'ತಿಳೀತಾ?' ಅಂತ ಕೇಳುತ್ತಾರೆ. ಐದು ನಿಮಿಷದ ಕೆಲಸ, ನೋವಿಲ್ಲ. ಪಾದದ ನಾಡಿಯನ್ನೂ ನೋಡುತ್ತಾರೆ. ಸ್ಪರ್ಶ ಇಲ್ಲ ಅಂತ ಬಂದರೆ, ಅಥವಾ ಹಿಂದೆ ಯಾವಾಗಲಾದರೂ ಪಾದದಲ್ಲಿ ಹುಣ್ಣಾಗಿದ್ದರೆ, ದೂರದ ನಡಿಗೆ ಬೇಡ. ಸ್ಪರ್ಶ ಸರಿಯಿದ್ದರೂ ಬೂಟು ಹಾಕಿಕೊಂಡೇ ನಡೆಯಿರಿ. ಹರಕೆಯ ಬಗ್ಗೆ ನಾನು ಹೇಳುವವನಲ್ಲ. ಆದರೂ ದೇವಸ್ಥಾನದ ಒಳಗೆ ಎಲ್ಲರೂ ನಡೆಯುವುದು ಬರಿಗಾಲಲ್ಲೇ ಅಲ್ವಾ? ಮಂಜುನಾಥನ ಎದುರಿನ ಅಷ್ಟು ಹೆಜ್ಜೆ ನಿಮ್ಮ ಹರಕೆಗೆ ಸಾಲದು ಅಂತ ನನಗೆ ಅನ್ನಿಸುವುದಿಲ್ಲ. ಮನಸ್ಸು ಒಪ್ಪದಿದ್ದರೆ ಕ್ಷೇತ್ರದ ಅರ್ಚಕರನ್ನೋ ಮನೆಯ ಹಿರಿಯರನ್ನೋ ಕೇಳಿ.

ಇನ್ನು ಎಂಟು ದಿನದ ಲೆಕ್ಕ. ಬೆಂಗಳೂರಿನಿಂದ ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಮೇಲೆ ಹೋದರೆ ಸುಮಾರು 300 ಕಿ.ಮೀ. ಎಂಟು ದಿನ ಅಂದರೆ ದಿನಕ್ಕೆ 38 ಕಿ.ಮೀ.! ಇದು ಮೂವತ್ತರ ಹುಡುಗರ ಲೆಕ್ಕ. ಅವರಲ್ಲೂ ಅರ್ಧ ಜನ ಮೂರನೇ ದಿನಕ್ಕೆ ಕುಂಟುತ್ತಿರುತ್ತಾರೆ. ಒಂದು ದಿನ 38 ಕಿ.ಮೀ. ನಡೆಯುವುದು ಅಷ್ಟು ದೊಡ್ಡದಲ್ಲ. ಮರುದಿನ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಅದೇ ಕಾಲನ್ನು ಅದೇ ಬೂಟಿನೊಳಗೆ ತೂರಿಸುವುದೇ ಕಷ್ಟ. ನಿಮಗೆ ದಿನಕ್ಕೆ 20 ಕಿ.ಮೀ. ಸಾಕು. ಆ ಲೆಕ್ಕದಲ್ಲಿ ಪೂರ್ತಿ ದಾರಿಗೆ ಹದಿನೈದು ದಿನ ಬೇಕು, ಅಷ್ಟು ದಿನ ಜೊತೆಗೆ ಬರುವವರು ಸಿಗುವುದು ಕಷ್ಟ.

ನನ್ನ ಸಲಹೆ ಹೀಗಿದೆ. ಹಾಸನದಿಂದ ಶುರು ಮಾಡಿ. ಅಲ್ಲಿಂದ ಸುಮಾರು 130 ಕಿ.ಮೀ., ನಿಮ್ಮ ನಡಿಗೆಯಲ್ಲಿ ಏಳು ದಿನ. ತಂಡ ಬೆಂಗಳೂರು ಬಿಟ್ಟ ಮರುದಿನವೇ ನೀವು ಒಂದಿಬ್ಬರು ಜೊತೆಗಾರರ ಸಂಗಡ ಹಾಸನದಿಂದ ಹೊರಡಿ. ತಂಡ ಹಾಸನ ಮುಟ್ಟುವ ಹೊತ್ತಿಗೆ ನೀವು ಬೇಲೂರು ದಾಟಿ ಮೂಡಿಗೆರೆ ಕಡೆ ಇರುತ್ತೀರಿ. ಕೊನೆಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸೇರಬಹುದು. ತಂಡದ ಹಿಂದೆ ಓಡುವ ಬದಲು ತಂಡಕ್ಕಿಂತ ಮುಂದೆ ನಡೆಯುವುದು ವಯಸ್ಸಾದವರಿಗೆ ಒಳ್ಳೆಯದು. ಹಿಂದೆ ಬಿದ್ದವರು ವಿಶ್ರಾಂತಿ ಬಿಟ್ಟು, ನೀರು ಬಿಟ್ಟು ಓಡುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ. ಮಕ್ಕಳ ಭಯಕ್ಕೂ ಇಲ್ಲೇ ಒಂದು ದಾರಿಯಿದೆ. ಅವರಲ್ಲಿ ಒಬ್ಬರು ಕಾರಿನಲ್ಲಿ ಮುಂದೆ ಹೋಗಿ ರಾತ್ರಿಯ ತಂಗುವ ಜಾಗ ನೋಡಿಕೊಳ್ಳಲಿ.

ಈ ದಾರಿಯಲ್ಲಿ ಎಲ್ಲರೂ ಹೆದರುವುದು ಘಾಟಿಗೆ. ಆದರೆ ಮೂಡಿಗೆರೆ ಕಡೆಯಿಂದ ಬರುವವರಿಗೆ ಚಾರ್ಮಾಡಿ ಹತ್ತುವ ಘಾಟಿಯಲ್ಲ, ಕೊಟ್ಟಿಗೆಹಾರದಿಂದ ಕೆಳಗಿನವರೆಗೂ ಇಳಿಯುವ ಘಾಟಿ. ಏದುಸಿರು ಬರುವುದಿಲ್ಲ, ಆದರೆ ಇಳಿಜಾರಿನಲ್ಲಿ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ನೋಯುವ ನಿಮ್ಮ ಎಡ ಮಂಡಿಗೆ ನಿಜವಾದ ಪರೀಕ್ಷೆ ಅಲ್ಲಿದೆ. ಅದಕ್ಕೆ ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗಬೇಕು. ಮನೆಯ ಊಟದ ಕುರ್ಚಿಯೇ ಸಾಕು. ಕೈ ಊರದೆ ಏಳಿ, ಕೂರುವಾಗ ಧೊಪ್ಪನೆ ಬೀಳದೆ ನಾಲ್ಕು ಎಣಿಸುವಷ್ಟು ನಿಧಾನವಾಗಿ ಕೂರಿ. ಆ ನಿಧಾನದಲ್ಲೇ ಇಳಿಯುವ ಶಕ್ತಿ ಬೆಳೆಯುತ್ತದೆ. ಹತ್ತು ಸಲದಂತೆ ದಿನಕ್ಕೆ ಎರಡು ಹೊತ್ತು ಮಾಡಿ. ತಿಂಗಳಾದ ಮೇಲೆ ಕಂಬಿ ಹಿಡಿದು ಮೆಟ್ಟಿಲು ಇಳಿಯುವುದನ್ನು ಸೇರಿಸಿ. ಘಾಟಿಯಲ್ಲಿ ಕೋಲು ಬೇಕೇ ಬೇಕು. ನೋವು ಎಡ ಮಂಡಿಯಲ್ಲಿ ಇರುವುದರಿಂದ ಕೋಲು ಬಲಗೈಯಲ್ಲಿರಲಿ. ತುಂಬಾ ಜನ ನೋಯುವ ಕಡೆಯೇ ಹಿಡಿಯುತ್ತಾರೆ, ಅದು ತಪ್ಪು. ಎರಡು ಕೋಲಿದ್ದರೆ ಇನ್ನೂ ಒಳ್ಳೆಯದು. ಮಂಡಿ ಊದಿಕೊಂಡರೆ ಅಥವಾ ನಡೆಯುವಾಗ ಸಿಕ್ಕಿಹಾಕಿಕೊಂಡಂತೆ ಆದರೆ ತಯಾರಿ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ನಡಿಗೆಯ ತಯಾರಿಯನ್ನು ದೀಪಾವಳಿಯ ಹೊತ್ತಿಗೆ ಶುರು ಮಾಡಿ, ಮೂರೂವರೆ ತಿಂಗಳು ಸಿಗುತ್ತದೆ. ಮೊದಲ ತಿಂಗಳು ಅರ್ಧ ಗಂಟೆಯನ್ನು ಒಂದು ಗಂಟೆ ಮಾಡಿ, ವಾರಕ್ಕೆ ಐದು ದಿನ. ಆಮೇಲೆ ವಾರಕ್ಕೊಂದು ದೂರದ ನಡಿಗೆ, ಎಂಟರಿಂದ ಹನ್ನೆರಡು ಕಿ.ಮೀ. ಮೂರನೇ ತಿಂಗಳಿಂದ ಶನಿವಾರ, ಭಾನುವಾರ ಎರಡೂ ದಿನ ನಡೆಯಿರಿ. ಇಡೀ ತಯಾರಿಯಲ್ಲಿ ಇದೇ ಮುಖ್ಯ. ಶನಿವಾರ 18, ಭಾನುವಾರ 15 ಕಿ.ಮೀ. ನಡೆದು ಸೋಮವಾರ ಮನೆಗೆಲಸ ಮಾಡಲು ಆಗುತ್ತದೆ ಅಂದರೆ ನೀವು ತಯಾರು. ಆಗಲಿಲ್ಲವಾ? ಆಗ ಕೊಟ್ಟಿಗೆಹಾರದಿಂದಲೋ ಉಜಿರೆಯಿಂದಲೋ ನಡೆಯಿರಿ. ಉಜಿರೆಯಿಂದ ಕ್ಷೇತ್ರಕ್ಕೆ ಒಂಬತ್ತು ಕಿ.ಮೀ. ಆಸುಪಾಸು. ಹೊರಡುವ ಮುಂಚಿನ ಹತ್ತು ದಿನ ಹಗುರ ನಡಿಗೆ ಮಾತ್ರ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗುತ್ತಿರಬೇಕು, ಅದೇ ನಿಮ್ಮ ವೇಗ.

ಬೂಟನ್ನು ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗವಿರಲಿ. ಯಾತ್ರೆಗೆ ಅಂತ ಹೊಸ ಬೂಟು ಎತ್ತಿಟ್ಟುಕೊಳ್ಳಬೇಡಿ, ಅದರಲ್ಲೇ ಎರಡು ತಿಂಗಳು ನಡೆದಿರಬೇಕು. ಬೊಬ್ಬೆ ಬರುವುದು ಬೆವರು ಮತ್ತು ಉಜ್ಜುವಿಕೆಯಿಂದ. ಮಧ್ಯಾಹ್ನ ಒಮ್ಮೆ ಕಾಲುಚೀಲ ಬದಲಿಸಿ, ಪಾದ ಒರೆಸಿ, ಬೆರಳುಗಳ ಮೇಲೆ ವ್ಯಾಸಲಿನ್ ಸವರಿ. ಎಲ್ಲಾದರೂ ಚುರುಗುಟ್ಟಿದರೆ ಆಗಲೇ ಕೂತು ಅಂಟುಪಟ್ಟಿ ಹಾಕಿ, ಮುಂದಿನ ಊರಿನವರೆಗೆ ತಳ್ಳಬೇಡಿ. ಬೊಬ್ಬೆಯ ಚರ್ಮ ಕೀಳಲೇಬೇಡಿ. ರಾತ್ರಿ ಮೊಬೈಲಿನ ಬೆಳಕಿನಲ್ಲಿ ಇನ್ನೊಬ್ಬರಿಂದ ಅಂಗಾಲು ನೋಡಿಸಿ, ಬೆರಳ ಸಂದಿಯನ್ನೂ ಬಿಡದೆ.

ಮಾತ್ರೆಗಳ ಚೀಟಿ ಹಿಡಿದು ಹೊರಡುವ ತಿಂಗಳ ಮುಂಚೆ ನಿಮ್ಮ ವೈದ್ಯರ ಹತ್ತಿರ ಹೋಗಿ. ದಿನಕ್ಕೆ ಐದಾರು ಗಂಟೆ ನಡೆದರೆ ಶುಗರ್ ತಾನಾಗಿ ಇಳಿಯುತ್ತದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಅಷ್ಟು ಭಯವಿಲ್ಲ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ ಲೋ ಶುಗರ್ ಆಗಬಹುದು, ಪ್ರಮಾಣ ಬದಲಿಸಬೇಕಾದೀತು. ಡಾಪಾಗ್ಲಿಫ್ಲೋಜಿನ್‌ನಂಥ ಶುಗರ್ ಮಾತ್ರೆ ಮತ್ತು ಬಿ.ಪಿ.ಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ ಬಿಸಿಲಲ್ಲಿ ಮೈಯ ನೀರನ್ನು ಇನ್ನೂ ಕಡಿಮೆ ಮಾಡುತ್ತವೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಇನ್ನೊಂದು, ಮಂಡಿ ನೋವಿಗೆ ಡೈಕ್ಲೋಫೆನಾಕ್ ಮಾತ್ರೆ ನುಂಗುತ್ತಾ ನಡೆಯುವುದು ಯಾತ್ರೆಗಳಲ್ಲಿ ಮಾಮೂಲು. ಬಿ.ಪಿ. ಮಾತ್ರೆ, ಬೆವರು, ಅದರ ಮೇಲೆ ಈ ಮಾತ್ರೆ, ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು. ತೀರಾ ಬೇಕೆಂದರೆ ಪ್ಯಾರಾಸಿಟಮಾಲ್.

ಹೆಂಗಸರು ನನ್ನ ಹತ್ತಿರ ಹೇಳಲು ಹಿಂಜರಿಯುವ ಒಂದು ವಿಷಯವಿದೆ. ದಾರಿಯಲ್ಲಿ ಶೌಚಾಲಯ ಇಲ್ಲ ಅಂತ ನೀರು ಕುಡಿಯುವುದನ್ನೇ ಬಿಡುತ್ತಾರೆ. ತಲೆಸುತ್ತು, ಉರಿಮೂತ್ರ, ಸೋಂಕು ಎಲ್ಲ ಇದರಿಂದಲೇ. ಪೆಟ್ರೋಲ್ ಬಂಕ್, ಬಸ್ ನಿಲ್ದಾಣ, ಹೋಟೆಲ್ ಎಲ್ಲೆಲ್ಲಿವೆ ಅಂತ ಮೊದಲೇ ನೋಡಿಟ್ಟುಕೊಂಡು ಅದರ ಲೆಕ್ಕದಲ್ಲೇ ನಿಲ್ಲುವ ಜಾಗ ಗೊತ್ತು ಮಾಡಿ. ನೀರು ಮಾತ್ರ ಬಿಡಬೇಡಿ. ದಾರಿಯುದ್ದಕ್ಕೂ ಭಕ್ತರು ಪ್ರೀತಿಯಿಂದ ಪಾನಕ, ಕೇಸರಿಬಾತ್ ಕೊಡುತ್ತಾರೆ. ನಿಮಗೆ ಮಜ್ಜಿಗೆ, ಕೋಸಂಬರಿ ಒಳ್ಳೆಯದು. ಜಾಸ್ತಿ ಬೆವರಿದ ದಿನ ಒಂದು ಪೊಟ್ಟಣ ಓಆರ್‌ಎಸ್ ಅನ್ನು ಒಂದು ಲೀಟರ್ ನೀರಿಗೆ ಹಾಕಿ ಕುಡಿಯಿರಿ. ಅದರಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ, ಅಷ್ಟಕ್ಕೆ ಹೆದರಬೇಕಿಲ್ಲ. ಕತ್ತಲಲ್ಲಿ ನಡೆಯುವಾಗ ಬೆಳಕಿಗೆ ಹೊಳೆಯುವ ಜಾಕೆಟ್ ಹಾಕಿ, ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ.

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆ. ಅಪ್ಪನಿಗೆ 71. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಯುಗಾದಿಗೆ ಶ್ರೀಶೈಲಕ್ಕೆ ಕಂಬಿಯ ಜೊತೆ, ಅಂದರೆ ಮಲ್ಲಯ್ಯನ ಕಂಬಿ (ಕಾವಡಿ) ಹೊತ್ತು ಹೋಗುವ ಭಕ್ತರ ತಂಡದ ಜೊತೆ, ನಡೆದೇ ಹೋಗುತ್ತೇನೆ ಅನ್ನುತ್ತಾರೆ. ಕಳಿಸಬಹುದಾ?

ಉತ್ತರ: ಪೂರ್ತಿ ದಾರಿಗೆ ಬೇಡ. ಯುಗಾದಿ ಹೊತ್ತಿನ ಬಿಸಿಲು ನಿಮಗೆ ಗೊತ್ತೇ ಇದೆ. ಅದಕ್ಕಿಂತ ನನಗೆ ಚಿಂತೆ ಕೊನೆಯ ನಲ್ಲಮಲ ಕಾಡಿನದು. ಏರುಪೇರಿನ ಕಲ್ಲುದಾರಿ, ವಾಹನ ಹೋಗದ ಜಾಗ. ಅಲ್ಲಿ ಎದೆನೋವು ಬಂದರೆ ಹೊತ್ತು ತರುವುದೊಂದೇ ದಾರಿ. ಅವರ ಹೃದಯ ವೈದ್ಯರಿಂದ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಅದು ಸರಿಯಿದ್ದು, ಎರಡು ಮಹಡಿ ಮೆಟ್ಟಿಲು ಹತ್ತಿದಾಗ ಎದೆ ಬಿಗಿತ ಇಲ್ಲ ಅಂದರೆ, ಕಂಬಿಯ ಜೊತೆ ಊರಿನಿಂದ ಮೊದಲ ಎರಡು ಮೂರು ದಿನ, ಬೆಳಿಗ್ಗೆ ಒಂಬತ್ತರೊಳಗೆ ಎಷ್ಟಾಗುತ್ತದೋ ಅಷ್ಟು ನಡೆಯಲಿ. ಆಮೇಲೆ ಬಸ್ಸಿನಲ್ಲಿ ಶ್ರೀಶೈಲಕ್ಕೆ ಹೋಗಿ ಅಲ್ಲೇ ಕಂಬಿಯನ್ನು ಎದುರುಗೊಳ್ಳಲಿ. ರಕ್ತ ತೆಳುಮಾಡುವ ಮಾತ್ರೆ ಒಂದು ದಿನವೂ ತಪ್ಪಬಾರದು. ನಾಲಿಗೆ ಕೆಳಗೆ ಇಡುವ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಅದು ಚೀಲದಲ್ಲಲ್ಲ, ಅಂಗಿಯ ಜೇಬಿನಲ್ಲಿರಲಿ. ಬಿಸಿಲಲ್ಲಿ ಮಾತು ತೊದಲಿದರೆ, ಎಲ್ಲಿದ್ದೇನೆ ಅಂತ ಗೊತ್ತಾಗದಿದ್ದರೆ ತಕ್ಷಣ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಜೊತೆಗೆ ಹೋಗುವವರಲ್ಲಿ ಇಬ್ಬರಿಗಾದರೂ ಇದನ್ನು ಹೊರಡುವ ಮುಂಚೆ ಹೇಳಿಕೊಡಿ, ಅಪ್ಪನ ಮಾತ್ರೆಗಳ ಚೀಟಿಯ ಫೋಟೋ ಅವರ ಮೊಬೈಲಿಗೂ ಕಳಿಸಿಡಿ.