ಅಪರೂಪದ ನೆಂಟನಿಗೆ ದಿನಾ ಎಲೆ ಹಾಕಬೇಕೇ?

ಪತ್ರ: ಸಂಪಾದಕರಿಗೆ ನಮಸ್ಕಾರ. ನನಗೆ 72 ವರ್ಷ, ತೂಕ 58 ಕೆ.ಜಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾಗಿ ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಸಕ್ಕರೆ ಕಾಯಿಲೆ ಇಲ್ಲ. ವರ್ಷಕ್ಕೆ ನಾಲ್ಕೈದು ಸಲ ಎದೆ ಡವಡವ ಎಂದು ತಾಳ ತಪ್ಪಿ ಹೊಡೆದುಕೊಂಡು, ಒಂದೆರಡು ಗಂಟೆಯಲ್ಲಿ ತಾನಾಗಿ ಸರಿಹೋಗುತ್ತದೆ. ಈಚೆಗೆ ಅಂಥ ಹೊತ್ತಿನಲ್ಲೇ ಇಸಿಜಿ ಮಾಡಿಸಿದಾಗ ‘ಏಟ್ರಿಯಲ್ ಫಿಬ್ರಿಲೇಶನ್’ ಎಂದರು. ರಕ್ತ ತೆಳುವಾಗಲು ಎಪಿಕ್ಸಬಾನ್ 5 ಮಿಲಿಗ್ರಾಂ, ದಿನಕ್ಕೆ ಎರಡು, ಬಿಡದೆ ತೆಗೆದುಕೊಳ್ಳಿ ಎಂದು ಚೀಟಿ ಬರೆದುಕೊಟ್ಟರು. ನಮ್ಮ ಭಾವ ಅದು ಇಲಿ ಪಾಷಾಣ ಎಂದು ವಾಟ್ಸಾಪ್ ಕಳಿಸಿದ್ದಾರೆ. ತಮ್ಮನ ಮಗ ಆಸ್ಪಿರಿನ್ ಇರುವ ಇಕೋಸ್ಪ್ರಿನ್ ಸಾಕು, ಇಲ್ಲವೇ ಅರ್ಧ ಮಾತ್ರೆ ನುಂಗಿ ಎನ್ನುತ್ತಾನೆ. ನನ್ನದು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರುವ ಬದುಕು. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ ಬೇರೆ. ವರ್ಷಕ್ಕೆ ನಾಲ್ಕು ಸಲ ಬರುವ ನೆಂಟನಿಗಾಗಿ ದಿನಾ ಎರಡು ಹೊತ್ತು ಎಲೆ ಹಾಕಬೇಕೇ? ಮಾತ್ರೆ ಇನ್ನೂ ಕಪಾಟಿನಲ್ಲೇ ಇದೆ.
— ನಿವೃತ್ತ ಶಿಕ್ಷಕ, ಸಾಗರ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ನೆಂಟನ ಮಾತನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ, ಎಲ್ಲರೂ ನಕ್ಕರು. ಇಷ್ಟು ಚೆನ್ನಾಗಿ ಬರೆಯುವವರು ಇಷ್ಟು ದಿನ ನಮಗೇಕೆ ಬರೆಯಲಿಲ್ಲ ಎಂದು ಮೊದಲ ದೂರು. ಎರಡನೆಯದು, ಗಣಿತದ ಮೇಷ್ಟ್ರಾಗಿ ಲೆಕ್ಕದ ಮೊದಲ ಸಾಲಿನಲ್ಲೇ ತಪ್ಪು ಸಂಖ್ಯೆ ಹಿಡಿದಿದ್ದೀರಿ. ನೆಂಟ ಎಷ್ಟು ಸಲ ಬಂದ ಎಂದು ಎಣಿಸುತ್ತಿದ್ದೀರಲ್ಲ, ನಿಮಗೆ ಗೊತ್ತಾದದ್ದು ಅವನು ಬಾಗಿಲು ಬಡಿದು ಬಂದ ಸಲಗಳು ಮಾತ್ರ. ಈ ಕಾಯಿಲೆ ಹಲವರಲ್ಲಿ ಸದ್ದೇ ಮಾಡದೆ, ನಿದ್ದೆಯಲ್ಲೋ ತೋಟದ ಕೆಲಸದ ನಡುವೆಯೋ ಬಂದು ಹೋಗುತ್ತದೆ.

ನಾನು ಡಾಕ್ಟರಲ್ಲ. ಆದರೆ ಈ ವಿಷಯವನ್ನು ಓದಿಕೊಂಡಿದ್ದೇನೆ, ಓದಲು ಕಾರಣವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ. ಹೃದಯದ ಮೇಲಿನ ಕೋಣೆಗಳು ಹಿಂಡುವುದನ್ನು ಬಿಟ್ಟು ಬರೀ ನಡುಗುವುದೇ ಏಟ್ರಿಯಲ್ ಫಿಬ್ರಿಲೇಶನ್. ಹಾಗಾದಾಗ ಎಡಗಡೆಯ ಕೋಣೆಗೆ ಅಂಟಿಕೊಂಡ ಒಂದು ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಮೆದುಳಿನ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಲಕ್ವ. ಈ ತೊಂದರೆ ಇದ್ದವರಿಗೆ ಲಕ್ವದ ಸಂಭವ ಸುಮಾರು ಐದು ಪಟ್ಟು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಟ್ಟಲೆ ಗಮನಿಸಿದವರು ಬರೆದಿಟ್ಟಿದ್ದಾರೆ. ಇದಕ್ಕಿಂತ ನನ್ನನ್ನು ಕೂರಿಸಿ ಯೋಚಿಸುವಂತೆ ಮಾಡಿದ್ದು ಇನ್ನೊಂದು ಸಂಗತಿ. ಪೇಸ್‌ಮೇಕರ್ ಹಾಕಿಸಿಕೊಂಡವರ ಬಡಿತ ತಾಳ ತಪ್ಪಿದ್ದು ಆ ಯಂತ್ರದಲ್ಲೇ ದಾಖಲಾಗಿರುತ್ತದೆ. ಅವರಲ್ಲಿ ಲಕ್ವ ಹೊಡೆದವರ ದಾಖಲೆ ತೆಗೆದು ನೋಡಿದರೆ, ಬಹಳಷ್ಟು ಮಂದಿಗೆ ಅದರ ಹಿಂದಿನ ಒಂದು ತಿಂಗಳು ಬಡಿತ ಸರಿಯಾಗಿಯೇ ಇತ್ತು. ಎದೆ ಡವಡವ ಎಂದ ದಿನ ಮಾತ್ರ ಮಾತ್ರೆ ನುಂಗುತ್ತೇನೆ ಎನ್ನುವವರು ಇದನ್ನು ಎರಡು ಸಲ ಓದಬೇಕು. ಬಡಿತದ ತಾಳ ಗಮನಿಸುವ ಕೈಗಡಿಯಾರ ನೋಡಿಕೊಂಡು ಬೇಕಾದಾಗಷ್ಟೇ ಮಾತ್ರೆ ಕೊಡಬಹುದೇ ಎಂಬ ಪರೀಕ್ಷೆ ಅಮೆರಿಕದಲ್ಲಿ ಶುರುವಾಗಿದೆ ನಿಜ. ಆದರೆ ಪರೀಕ್ಷೆಗೆ ಹಿಡಿದದ್ದನ್ನು ಪಾಸಾಯಿತು ಎಂದು ಮೇಷ್ಟ್ರಾದವರು ಬರೆಯುವುದಿಲ್ಲವಷ್ಟೆ.

ಹಾಗಾದರೆ ಡಾಕ್ಟರು ಏನನ್ನು ಎಣಿಸುತ್ತಾರೆ? ನಿಮ್ಮನ್ನು ಎಣಿಸುತ್ತಾರೆ. 65 ದಾಟಿದ್ದರೆ ಒಂದು ಅಂಕ, 75 ಆದರೆ ಎರಡು. ಬಿಪಿಗೆ ಒಂದು, ಸಕ್ಕರೆ ಕಾಯಿಲೆಗೆ ಒಂದು, ಹೃದಯ ಸೋತಿದ್ದರೆ ಒಂದು, ರಕ್ತನಾಳದ ಕಾಯಿಲೆ ಇದ್ದರೆ ಒಂದು, ಹಿಂದೆ ಲಕ್ವ ಹೊಡೆದಿದ್ದರೆ ಎರಡು. ಹೆಂಗಸು ಎಂಬುದಕ್ಕೂ ಒಂದು ಅಂಕವಿತ್ತು, ಯುರೋಪಿನವರು 2024ರಲ್ಲಿ ಅದನ್ನು ಕೈಬಿಟ್ಟರು. ಅಪರೂಪಕ್ಕೆ ಬರುವ ಬಡಿತಕ್ಕೆ ರಿಯಾಯಿತಿ ಅಂಕ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಸದಾ ಇರುವವರಿಗಿಂತ ಬಂದು ಹೋಗುವವರಿಗೆ ಅಪಾಯ ಸ್ವಲ್ಪ ಕಡಿಮೆ ಎಂಬುದು ದಿಟವೇ, ಆದರೂ ಮಾತ್ರೆ ಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಇಬ್ಬರಿಗೂ ಒಂದೇ ಲೆಕ್ಕ. ನಿಮ್ಮದು ಎರಡು ಅಂಕ. 75 ತುಂಬಿದ ದಿನ, ಬೇರೇನೂ ಆಗದಿದ್ದರೂ, ಮೂರು. ಎರಡು ಬಂದವರಿಗೆ ಮಾತ್ರೆ ಕೊಡಿ ಎನ್ನುತ್ತವೆ ನಿಯಮಗಳು.

ಬೇಡ ಎನ್ನುವವರ ಪರವಾಗಿಯೂ ನಾಲ್ಕು ಮಾತು ಹೇಳಿಬಿಡುತ್ತೇನೆ. 50ರ ಆಸುಪಾಸಿನಲ್ಲಿರುವ, ಬಿಪಿ ಸಕ್ಕರೆ ಯಾವುದೂ ಇಲ್ಲದ ಮನುಷ್ಯನಿಗೆ ಸಾಮಾನ್ಯವಾಗಿ ಈ ಮಾತ್ರೆ ಬೇಕಿಲ್ಲ. ಪೇಸ್‌ಮೇಕರ್‌ನಂಥ ಯಂತ್ರ ಮಾತ್ರ ಹಿಡಿದ, ಕೆಲವೇ ನಿಮಿಷದ ಬಡಿತಕ್ಕೆ ಕೊಡಬೇಕೇ ಎಂಬುದರಲ್ಲಿ ದೊಡ್ಡ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಈಚಿನ ಒಂದು ದೊಡ್ಡ ಪ್ರಯೋಗದಲ್ಲಿ ಲಕ್ವ ತಗ್ಗಿತು, ರಕ್ತಸ್ರಾವ ಏರಿತು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋದವರು, ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರು ಹೆದರುವುದರಲ್ಲಿ ಅರ್ಥವಿದೆ. ಆಯಿತು. ನೀವು ಬರೆದದ್ದನ್ನು ನೋಡಿದರೆ ನೀವು ಇವರಲ್ಲಿ ಯಾರೂ ಅಲ್ಲ.

ಇನ್ನು ನಿಮ್ಮ ಭಾವನವರ ಇಲಿ ಪಾಷಾಣ. ಅವರು ಕಳಿಸಿದ್ದರಲ್ಲಿ ಅರ್ಧ ಸತ್ಯವಿದೆ, ಅದೂ ಬೇರೆ ಮಾತ್ರೆಯದು. 1933ರ ಚಳಿಗಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಒಬ್ಬ ರೈತ ಸತ್ತ ಹಸುವನ್ನೂ ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ಗಾಡಿಗೆ ಹೇರಿಕೊಂಡು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ಬಂದ. ಬೂಷ್ಟು ಹಿಡಿದ ಒಣಮೇವು ತಿಂದು ದನಗಳು ಒಳಗೊಳಗೇ ರಕ್ತ ಸೋರಿ ಸಾಯುತ್ತಿದ್ದವು. ಕೊಟ್ಟಿಗೆ ಇರುವ ನಿಮಗೆ ಆ ರೈತನ ಸಂಕಟ ನಾನು ಹೇಳಬೇಕಿಲ್ಲ. ಆ ಮೇವಿನ ಬೆನ್ನು ಹತ್ತಿ ಸಿಕ್ಕಿದ್ದರಿಂದ ಹುಟ್ಟಿದ್ದೇ ವಾರ್ಫರಿನ್. 1948ರಲ್ಲಿ ಇಲಿಗೆ ಇಟ್ಟರು, 1954ರಲ್ಲಿ ಮನುಷ್ಯರ ಮದ್ದಾಯಿತು, 1955ರಲ್ಲಿ ಹೃದಯಾಘಾತವಾದಾಗ ಅಧ್ಯಕ್ಷ ಐಸೆನ್‌ಹೋವರ್‌ಗೂ ಅದನ್ನೇ ಕೊಟ್ಟರು. ಇಲಿಗೂ ಅಧ್ಯಕ್ಷನಿಗೂ ನಡುವೆ ಇದ್ದದ್ದು ಪ್ರಮಾಣದ ವ್ಯತ್ಯಾಸ. ನಿಮ್ಮ ಕಪಾಟಿನ ಎಪಿಕ್ಸಬಾನ್ ಆ ಕುಲದ್ದೇ ಅಲ್ಲ. ವಾರ್ಫರಿನ್‌ನ ಹಾಗೆ ಅದಕ್ಕೆ ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್‌ಆರ್ ಪರೀಕ್ಷೆ ಪದೇ ಪದೇ ಬೇಡ, ಸೊಪ್ಪು ತಿನ್ನಲು ಅಳತೆ ಬೇಡ. ಉಂಬಳದ ಮಾತು ಬಂದದ್ದರಿಂದ ಹೇಳುತ್ತೇನೆ: ಜಿಗಣೆಯ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ ಎಂದು ಜಾನ್ ಹೇಕ್ರಾಫ್ಟ್ 1884ರಲ್ಲೇ ಕಂಡುಹಿಡಿದಿದ್ದ. ಮಲೆನಾಡಿನವರು ಪ್ರತಿ ಮಳೆಗಾಲ ಪುಕ್ಕಟೆಯಾಗಿ ಚುಚ್ಚಿಸಿಕೊಂಡು, ಕಾಲಲ್ಲಿ ರಕ್ತ ಇಳಿಯುತ್ತಿದ್ದರೂ ಸುಣ್ಣ ಹಚ್ಚಿಕೊಂಡು ಕೆಲಸಕ್ಕೆ ಹೋಗುವವರು. ಮಾತ್ರೆ ಶುರು ಮಾಡಿದ ಮೇಲೆ ಇನ್ನಷ್ಟು ಹೊತ್ತು ಅದುಮಿ ಹಿಡಿಯಬೇಕಾದೀತು. ಮೆಟ್ಟುಗತ್ತಿಯ ಗೀರಿಗೂ ಅಷ್ಟೆ. ಬಿದ್ದು ತಲೆಗೆ ಪೆಟ್ಟಾದರೆ ಮಾತ್ರ ಏನೂ ಅನ್ನಿಸದಿದ್ದರೂ ಆಸ್ಪತ್ರೆಗೆ ಹೋಗಬೇಕು. ಕೊನೆ ಕೊಯ್ಯಲು ಈಗಲೂ ನೀವೇ ಮರ ಹತ್ತುತ್ತಿದ್ದರೆ ದಯವಿಟ್ಟು ನಿಲ್ಲಿಸಿ, ಅದಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಬಿದ್ದುಬಿಟ್ಟರೆ ಎಂಬ ಭಯಕ್ಕೇ ಮಾತ್ರೆ ಬಿಡುವವರಿಗಾಗಿ ಕೆನಡಾದ ವೈದ್ಯರು 1999ರಲ್ಲಿ ವಾರ್ಫರಿನ್ ಇಟ್ಟುಕೊಂಡು ಒಂದು ಲೆಕ್ಕ ಮಾಡಿದ್ದರು. ತಲೆಯೊಳಗೆ ರಕ್ತಸ್ರಾವವಾಗುವ ಅಪಾಯ ಮಾತ್ರೆಯ ಲಾಭವನ್ನು ಮೀರಬೇಕಾದರೆ ಮುದುಕರೊಬ್ಬರು ವರ್ಷಕ್ಕೆ ಸುಮಾರು 295 ಸಲ ಬೀಳಬೇಕಂತೆ.

ಇಕೋಸ್ಪ್ರಿನ್ ಸಾಕು ಎನ್ನುವ ಹುಡುಗನಿಗೆ 2011ರ ಅವೆರೋಸ್ ಪ್ರಯೋಗದ ಬಗ್ಗೆ ಹೇಳಿ. ವಾರ್ಫರಿನ್ ಒಗ್ಗದ 5,599 ಮಂದಿಯಲ್ಲಿ ಕೆಲವರಿಗೆ ಎಪಿಕ್ಸಬಾನ್, ಉಳಿದವರಿಗೆ ಇಕೋಸ್ಪ್ರಿನ್‌ನಲ್ಲಿರುವ ಅದೇ ಆಸ್ಪಿರಿನ್. ವರ್ಷಕ್ಕೆ ಲಕ್ವ ಮುಂತಾದದ್ದು ಆದದ್ದು ಆಸ್ಪಿರಿನ್‌ನವರಲ್ಲಿ ನೂರಕ್ಕೆ 3.7, ಎಪಿಕ್ಸಬಾನ್‌ನವರಲ್ಲಿ 1.6. ದೊಡ್ಡ ರಕ್ತಸ್ರಾವ 1.2 ಮತ್ತು 1.4. ಅಂದರೆ ಆಸ್ಪಿರಿನ್ ರಕ್ತ ಸುರಿಸುವುದರಲ್ಲಿ ಹೆಚ್ಚುಕಡಿಮೆ ಸಮಬಲ, ಲಕ್ವ ತಡೆಯುವುದರಲ್ಲಿ ಬಹಳ ಹಿಂದೆ. ಹೃದಯದ ನಾಳ ಕಟ್ಟಿದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದರ ಕೆಲಸ ಬೇರೆ ಇದೆ. ಇಲ್ಲಿ ಅದು ಮನಸ್ಸಮಾಧಾನದ ಮಾತ್ರೆ. ಅರ್ಧ ಡೋಸಿಗೂ ನಿಯಮವುಂಟು: 80 ವರ್ಷ ಆಗಿರುವುದು, ತೂಕ 60 ಕೆ.ಜಿ. ಅಥವಾ ಕಡಿಮೆ ಇರುವುದು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ 1.5 ಅಥವಾ ಹೆಚ್ಚು ಇರುವುದು, ಈ ಮೂರರಲ್ಲಿ ಎರಡಾದರೂ ಹೊಂದಬೇಕು. ನೀವು ಬರೆದದ್ದರಲ್ಲಿ ತೂಕ ಒಂದೇ ಹೊಂದುತ್ತದೆ. ಕ್ರಿಯಾಟಿನಿನ್ ನೀವು ಬರೆದಿಲ್ಲ, ಅದೂ ಹೊಂದಿದರೆ ಮಾತ್ರ ಅರ್ಧದ ಮಾತು. ಭಯಕ್ಕೆ ಅರ್ಧ ಮಾಡುವುದು ಲೆಕ್ಕದಲ್ಲಿಲ್ಲ.

ಓದಲು ಕಾರಣವಿತ್ತು ಎಂದೆನಲ್ಲ. ನಮ್ಮ ಪತ್ರಿಕೆಯ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರಿದ್ದರು. ನಿಮ್ಮ ಹಾಗೆಯೇ ಬಂದು ಹೋಗುವ ಬಡಿತ. ಆರು ತಿಂಗಳು ಎದೆ ಸುಮ್ಮನಿದ್ದದ್ದು ನೋಡಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಲಕ್ವ ಹೊಡೆದು ಬಲಗೈ ಹೋಯಿತು, ಮಾತು ಹೋಯಿತು. ನೋಡಲು ಹೋದಾಗ ಆ ತಿಂಗಳ ಸಂಚಿಕೆ ಕೈಗೆ ಕೊಟ್ಟೆ. ಎಡಗೈ ತೋರುಬೆರಳು ಸಾಲಿನ ಮೇಲೆ ಹರಿದು ಒಂದು ಕಡೆ ಗಕ್ಕನೆ ನಿಂತಿತು. ಅಲ್ಲಿ ಮಹಾಪ್ರಾಣ ಬಿಟ್ಟುಹೋಗಿತ್ತು. ಸರಿ ರೂಪ ಹೇಳಲು ಬಾಯಿ ತೆರೆದರು, ಬಂದದ್ದು ‘ಅದು, ಅದು’ ಅಷ್ಟೆ. ಪಕ್ಕದಲ್ಲಿ ಅವರ ಹೆಂಡತಿ ಎರಡು ಮಂಡಿಗೂ ಪಟ್ಟಿ ಕಟ್ಟಿಕೊಂಡು, ಗಂಡನನ್ನು ಹೊರಳಿಸಿ ಬೆನ್ನು ಒರೆಸುತ್ತಿದ್ದರು. ಮಾತ್ರೆ ಬಿಡುವಾಗ ಆಕೆಯನ್ನು ಕೇಳಿದವರಿರಲಿಲ್ಲ. ನಿಮ್ಮ ಪತ್ರದಲ್ಲೂ ಭಾವ ಇದ್ದಾರೆ, ತಮ್ಮನ ಮಗ ಇದ್ದಾನೆ, ಮನೆಯವರ ಮಾತು ಒಂದು ಸಾಲೂ ಇಲ್ಲ ಮೇಷ್ಟ್ರೇ. ಹಾಸಿಗೆ ಹಿಡಿದವರ ಬಟ್ಟೆ ಒಗೆಯುವವರನ್ನು ಬಿಟ್ಟು ನಾವು ಗಂಡಸರೇ ಜಗಲಿಯಲ್ಲಿ ಕೂತು ತೀರ್ಮಾನ ಮಾಡುವುದು ಎಂದು ನಿಲ್ಲುತ್ತದೋ.

ನಮ್ಮ ಜನಕ್ಕೆ ಹೃದಯ ನಿಂತುಹೋಗುವ ಭಯ ಇರುವಷ್ಟು ಲಕ್ವದ ಭಯವಿಲ್ಲ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟಿ.ವಿ.ಯಲ್ಲಿ ಬಂದದ್ದೇ ತಡ, ಜಯದೇವ ಆಸ್ಪತ್ರೆಯ ಮುಂದೆ ಗಟ್ಟಿಮುಟ್ಟಾದವರೆಲ್ಲ ಸಾಲು ನಿಂತರು. ಅದೇ ಜನ, ಮನೆಯಲ್ಲಿ ಒಬ್ಬರ ಬಾಯಿ ಸೊಟ್ಟಗಾಗಿ ಕೈ ಜೋತುಬಿದ್ದರೆ ಯಾವ ಊರಿನಲ್ಲಿ ಲಕ್ವಕ್ಕೆ ಎಣ್ಣೆ ಕೊಡುತ್ತಾರೆ ಎಂದು ವಿಚಾರಿಸುತ್ತಾ ಕೂರುತ್ತಾರೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ. ನಮ್ಮ ತಾಲ್ಲೂಕುಗಳಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗುವುದರಲ್ಲೇ ಅದರ ಅರ್ಧ ಕಳೆದಿರುತ್ತದೆ. ಈ ಮಾತ್ರೆಗೆ ಹೆದರುವವರೇ ಸೊಂಟ ನೋವೆಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಡೈಕ್ಲೋಫಿನ್ಯಾಕ್ ತಂದು ಕಡಲೆ ಹಾಗೆ ತಿನ್ನುತ್ತಾರೆ. ಹೊಟ್ಟೆಯಲ್ಲಿ ರಕ್ತ ಸುರಿಸುವುದರಲ್ಲಿ ಅದೇನು ಕಡಿಮೆಯೇ? ಎರಡೂ ಸೇರಿದರಂತೂ ಕೇಳಲೇಬೇಡಿ.

ಡಾಕ್ಟರುಗಳ ಮೇಲೂ ಕೋಪವಿದೆ. ಜೀವನಪೂರ್ತಿ ನುಂಗು ಎಂದು ಬರೆದುಕೊಟ್ಟ ಚೀಟಿಗೆ ಐದು ನಿಮಿಷದ ವಿವರಣೆ ಸೇರಿಸಿದ್ದರೆ ನಿಮ್ಮ ಭಾವನ ವಾಟ್ಸಾಪಿಗೆ ಈ ಬೆಲೆ ಬರುತ್ತಿರಲಿಲ್ಲ. ಡಬ್ಬದೊಳಗಿನ ಕಾಗದ ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಲು ಔಷಧ ಕಂಪನಿಗೆ ಎಷ್ಟು ಖರ್ಚು? ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕಿರಿದಾದವರ ಪಾಡು ಇನ್ನೂ ಕಷ್ಟ. ಅವರಿಗೆ ಹೊಸ ಮಾತ್ರೆಗಿಂತ ಹಳೆಯದೇ ಮೇಲು ಎಂದು 2022ರ ಇನ್ವಿಕ್ಟಸ್ ಪ್ರಯೋಗ ತೋರಿಸಿತು. ಹಾಗಾಗಿ ಅವರು ವಾರ್ಫರಿನ್ ಕುಲದ ಅಸಿಟ್ರಾಮ್ ನುಂಗಿ, ಐಎನ್‌ಆರ್ 2ರಿಂದ 3ರ ನಡುವೆ ಇದೆಯೇ ಎಂದು ನೋಡಿಸಲು ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಆ ಪರೀಕ್ಷೆ ಹೋಬಳಿ ಮಟ್ಟದಲ್ಲಿ ಸಿಗಬೇಕೆಂದು ಯಾವ ಪಕ್ಷದ ಪ್ರಣಾಳಿಕೆಯಲ್ಲೂ ನಾನು ಓದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಈ ವಾರವೇ ಆ ಡಾಕ್ಟರ ಹತ್ತಿರ ಮತ್ತೆ ಹೋಗಿ, ಮನೆಯವರನ್ನೂ ಕರೆದುಕೊಂಡು. ಮಾತ್ರೆ ಶುರು ಮಾಡಿಲ್ಲ ಎಂದು ಸಂಕೋಚವಿಲ್ಲದೆ ಹೇಳಿ. ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿ. ನುಂಗುತ್ತಿರುವ ನೋವಿನ ಮಾತ್ರೆ, ಕಷಾಯ ಎಲ್ಲದರ ಪಟ್ಟಿ ಒಯ್ಯಿರಿ. ಹಲ್ಲು ಕೀಳಿಸುವಾಗ, ಆಪರೇಷನ್ ಇದ್ದಾಗ ಏನು ಮಾಡಬೇಕೆಂದು ಬರೆಸಿಕೊಳ್ಳಿ. ಶುರು ಮಾಡಿದ ಮೇಲೆ ಹೊತ್ತು ತಪ್ಪಿಸಬೇಡಿ, ಒಂದು ದಿನ ಬಿಟ್ಟರೆ ಇದರ ರಕ್ಷಣೆ ಉಳಿಯುವುದಿಲ್ಲ. ಮಲ ಟಾರಿನ ಹಾಗೆ ಕಪ್ಪಾದರೆ ಅಂದೇ ತಿಳಿಸಿ. ಬಿಪಿಯನ್ನು ಹತೋಟಿಯಲ್ಲಿಡಿ, ಲಕ್ವಕ್ಕೂ ರಕ್ತಸ್ರಾವಕ್ಕೂ ಅದು ಸಮಾನ ಶತ್ರು. ಪೇಟೆಂಟ್ ಮುಗಿದ ಮೇಲೆ ಈ ಮಾತ್ರೆಯ ಬೆಲೆ ಎಷ್ಟೋ ಇಳಿದಿದೆ, ಜೆನೆರಿಕ್ ಸಿಗುತ್ತದೆಯೇ ಎಂದು ಕೇಳಲು ನಾಚಿಕೆ ಬೇಡ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೂ 65 ದಾಟಿರಬಹುದು. ಮುಂದಿನ ಸಲ ಮನೆಗೆ ಬಂದಾಗ ನಾಡಿ ಹಿಡಿದು ನೋಡಿ, ತಾಳ ತಪ್ಪುತ್ತಿದ್ದರೆ ಅವರಿಗೂ ಒಂದು ಇಸಿಜಿ ಮಾಡಿಸಿ, ಫಲಿತಾಂಶ ನಮಗೆ ಬರೆಯಿರಿ.